ಸುಟ್ಟ ಗಾಯದ ಮುಲಾಮು

ಮಾರ್ಚ್ ೩

ಅಪ್ಪನಿಗೆ,

ನನ್ನ ಎಡಗೈಯಲ್ಲಿ ಒಂದು ಮಚ್ಚೆ ಇದೆ. ಮೊಣಕೈಯಿಂದ ಸ್ವಲ್ಪ ಕೆಳಗೆ, ಕಿರುಬೆರಳಿನ ಕಡೆಗೆ. ಮನೆಯಲ್ಲಿದ್ದಾಗಲೇ ಇತ್ತು, ಯಾರಿಗೂ ತೋರಿಸಿರಲಿಲ್ಲ. ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿಯೇ ಬೇಕೆಂದು ನಾನು ಹಟ ಹಿಡಿದಾಗ ಅಮ್ಮ "ಇವಳದ್ದು ಎಲ್ಲದರಲ್ಲೂ ಉಲ್ಟಾ ಬುದ್ಧಿ" ಎನ್ನುತ್ತಿದ್ದಳು. ಬುದ್ಧಿ ನೆಟ್ಟಗೇ ಇತ್ತು, ಅಂಗಿಯ ಒಳಗೆ ಮಚ್ಚೆ ಇತ್ತು. ಮೊದಲು ಸಿಬ್ಬು ಎಂದುಕೊಂಡೆ. ಸಿಬ್ಬಾದರೆ ತುರಿಸಬೇಕು. ಇದು ತುರಿಸುವುದಿಲ್ಲ, ಉರಿಯುವುದಿಲ್ಲ, ಏನೂ ಮಾಡುವುದಿಲ್ಲ. ಸುಮ್ಮನೆ ಬಿಳಚಿಕೊಂಡು ಕೂತಿದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವೂ ನಾನೂ ಕ್ಷೇಮ ವಿಚಾರಿಸಿ ಮುಗಿಸುವಷ್ಟರಲ್ಲಿ ಜಗಳ ಶುರುವಾಗುತ್ತದೆ. ಅದಕ್ಕೇ ತಾನೇ ಅಮ್ಮ ಫೋನ್ ಕಿತ್ತುಕೊಂಡು "ಇನ್ಮೇಲೆ ಇಬ್ರೂ ಕಾಗದ ಬರ್ಕೊಳ್ಳಿ, ಕಾಗದದಲ್ಲಿ ಕೂಗಾಡೋಕಾಗಲ್ಲ" ಎಂದದ್ದು. ಪಾಪ, ಅವಳಿಗೆ ಓದಲು ಬರುವುದಿಲ್ಲ. ಕಾಗದದಲ್ಲೂ ಕೂಗಾಡಬಹುದೆಂದು ಅವಳಿಗೆ ಯಾರು ಹೇಳಬೇಕು?

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಯಾರ್ಯಾರೋ ಮಲಗಿ ಎದ್ದ ಬಿಳಿ ದುಪ್ಪಟಿಗಳು ಗಾಡಿಗಟ್ಟಲೆ ಬರುತ್ತವೆ. ಒಗೆದ ದುಪ್ಪಟಿಯನ್ನು ಎರಡು ಬಿಸಿ ಉರುಳೆಗಳ ನಡುವೆ ತೂರಿಸುವುದು ನನ್ನ ಕೆಲಸ. ಆ ಕಡೆಯಿಂದ ಅದು ಇಸ್ತ್ರಿಯಾಗಿ ಹೊರಗೆ ಬರುತ್ತದೆ. ಶ್ರೀಮಂತರು ಇಷ್ಟೊಂದು ಕೊಳೆ ಮಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಕಳೆದ ವಾರ ಉರುಳೆಯ ಅಂಚಿಗೆ ಕೈ ತಾಗಿತು. ಎದುರಿಗಿದ್ದ ಹೆಂಗಸು ಕಿರುಚಿದಳು. ಅವಳೇಕೆ ಕಿರುಚುತ್ತಿದ್ದಾಳೆ ಎಂದು ನಾನು ಅವಳನ್ನೇ ನೋಡುತ್ತ ನಿಂತೆ. ಆಮೇಲೆ ವಾಸನೆ ಬಂತು. ಸುಟ್ಟದ್ದು ಸರಿಯಾಗಿ ಮಚ್ಚೆಯ ಮೇಲೆಯೇ. ನೋವಾಗಲಿಲ್ಲ ಅಪ್ಪ. ಸ್ವಲ್ಪವೂ ಆಗಲಿಲ್ಲ.

ಅದಕ್ಕೇ ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ಚಿಕ್ಕಪ್ಪನ ಮನೆಯಿರುವ ಬೀದಿಯ ಕೊನೆಯಲ್ಲಿ ಚರ್ಮದ ಡಾಕ್ಟರೊಬ್ಬನಿದ್ದಾನೆ. ಅವನಿಗೆ ತೋರಿಸಬೇಕೆಂದಿದ್ದೇನೆ. ನನಗೆ ಇಲ್ಲಿಯ ಭಾಷೆ ಬರುವುದಿಲ್ಲ, ಆದ್ದರಿಂದ ಚಿಕ್ಕಪ್ಪ ಜೊತೆಗೆ ಬರಬೇಕು. ಚಿಕ್ಕಪ್ಪನನ್ನು ಕೇಳಿದರೆ "ಇಲ್ಲಿಯ ಭಾಷೆ ನನಗೆ ನೀರು ಕುಡಿದ ಹಾಗೆ" ಎನ್ನುತ್ತಾರೆ. ಲಾಂಡ್ರಿಯ ವ್ಯಾನು ಓಡಿಸುತ್ತ ದಾರಿಯಲ್ಲಿ ಅವರು ಮಾತಾಡಿಸಿದವರ ಮುಖ ನೋಡಿದರೆ, ಆ ನೀರು ಎದುರಿನವರ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಗೊತ್ತಾಗುತ್ತದೆ. ಆದರೂ ನನಗೆ ಬೇರೆ ಯಾರಿದ್ದಾರೆ?

ಈ ಕಾಗದವನ್ನು ಅಮ್ಮನಿಗೆ ಬಿಡದೆ ಓದಿ. ಬಿಟ್ಟು ಓದುತ್ತೀರೆಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ನಿಮ್ಮ
ಸಣ್ಣವಳು


ಮಾರ್ಚ್ ೨೧

ಚಿ. ಸಣ್ಣವಳಿಗೆ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಅಮ್ಮನಿಗೆ ಓದಿ ಹೇಳಿದೆ. ಚಿಕ್ಕಪ್ಪನ ಭಾಷಾಜ್ಞಾನದ ಭಾಗಕ್ಕೆ ನಕ್ಕಳು.

ಕೈಯ ವಿಚಾರ ತಿಳಿಯಿತು. ಹರೆಯದಲ್ಲಿ ರಕ್ತ ಕೆಟ್ಟು ಇಂಥವು ಬರುತ್ತವೆ, ಹೋಗುತ್ತವೆ. ಅದಕ್ಕೆ ಇಷ್ಟು ದೊಡ್ಡ ಕಾಗದ ಬೇಕಿರಲಿಲ್ಲ.

ಇಲ್ಲಿ ದೊಡ್ಡವಳಿಗೆ ಒಂದು ಸಂಬಂಧ ಕೂಡಿಬರುವಂತಿದೆ. ಹುಡುಗ ಜಮೀನು ಅಳೆಯುವ ಇಲಾಖೆಯಲ್ಲಿದ್ದಾನೆ. ಅವರ ಕಡೆಯವರು ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸಿಯೇ ಹೆಜ್ಜೆಯಿಡುವ ಜನ. ನೀನಿರುವಲ್ಲಿಯೂ ನಮ್ಮ ಕಡೆಯವರು ಇದ್ದಾರೆಂಬುದನ್ನು ಮರೆಯಬೇಡ. ನಾವು ಸಮುದ್ರ ದಾಟಬೇಕಾದರೆ ಟಿಕೆಟು ಬೇಕು, ಸುದ್ದಿಗೆ ಬೇಡ. ಆ ಕೈಯನ್ನು ಕಂಡಕಂಡವರಿಗೆ ತೋರಿಸುತ್ತ ತಿರುಗಬೇಡ.

ಡಾಕ್ಟರ ಬಳಿ ಹೋಗಲೇಬೇಕೆಂದಿದ್ದರೆ ಹೋಗಿ ಬಾ. ಚಿಕ್ಕಪ್ಪನಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಮಾತನ್ನು ಅವರಿಗೇ ಬಿಡು, ನಡುವೆ ಬಾಯಿ ಹಾಕಬೇಡ.

ಇತಿ,
ನಿನ್ನ ತಂದೆ


ಏಪ್ರಿಲ್ ೯

ಅಪ್ಪನಿಗೆ,

ಬಾಯಿ ಹಾಕಲಿಲ್ಲ. ಹಾಕಲು ಭಾಷೆ ಬೇಕಲ್ಲ.

ಡಾಕ್ಟರ ಅಂಗಡಿ, ಅಂಗಡಿ ಎಂದೇ ಹೇಳುತ್ತೇನೆ, ಒಂದು ಬೂಟಿನ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಷ್ಟೂ ಹೊತ್ತು ತೊಗಲಿನ ವಾಸನೆ. ಕೆಳಗೆ ಸತ್ತ ಚರ್ಮ, ಮೇಲೆ ಬದುಕಿರುವ ಚರ್ಮ. ಕಾಯುವ ಕೋಣೆಯಲ್ಲಿ ಗಾಜಿನ ತೊಟ್ಟಿಯೊಳಗೆ ಒಂದೇ ಒಂದು ಮೀನು ಇದೆ, ಅದಕ್ಕೂ ಎಲ್ಲೋ ಸಿಪ್ಪೆ ಏಳುತ್ತಿದೆ. ಬಂದವರು ಯಾರೂ ಯಾರನ್ನೂ ನೋಡುವುದಿಲ್ಲ. ತಂತಮ್ಮ ಕಜ್ಜಿಗಳನ್ನು ಹಳೆಯ ಪತ್ರಿಕೆಯ ಹಿಂದೆ ಅಡಗಿಸಿಕೊಂಡು, ಓದಲಿಕ್ಕೇ ಬಂದವರ ಹಾಗೆ ಕೂತಿರುತ್ತಾರೆ. ಹೆಸರು ಬರೆದುಕೊಳ್ಳುವ ಹುಡುಗಿ ಬಾಯಲ್ಲಿ ಏನನ್ನೋ ಅಗಿಯುತ್ತ, ಗಿರಾಕಿಗಿಂತ ಹೆಚ್ಚಾಗಿ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಾಳೆ.

ಚಿಕ್ಕಪ್ಪ ಟೈ ಕಟ್ಟಿಕೊಂಡು ಬಂದಿದ್ದರು. ಕಾಯಿಲೆ ನನಗೆ, ಟೈ ಅವರಿಗೆ.

ಡಾಕ್ಟರಿಗೆ ವಯಸ್ಸಾಗಿದೆ. ಹೊಗೆಸೊಪ್ಪಿನ ವಾಸನೆ ಬರುತ್ತದೆ. ಚರ್ಮದ ಡಾಕ್ಟರೆಂಬ ಬೋರ್ಡಿನ ಕೆಳಗೆ ಕೂತ ಈ ಮಹಾನುಭಾವನ ಮೂಗಿನ ಪಕ್ಕದಲ್ಲೇ ಕಡಲೆಕಾಳಿನಷ್ಟು ನರುಲಿ ಇದೆ. ತನ್ನದನ್ನೇ ತೆಗೆಯಲಾಗದವನು ನನ್ನದನ್ನು ಏನು ತೆಗೆದಾನು ಎಂದು ನನಗೆ ಆಗಲೇ ಅನ್ನಿಸಿತು. ಅವನು ನನ್ನ ಮುಖವನ್ನು ನೋಡಲೇ ಇಲ್ಲ. ಕೈ ಹಿಡಿದುಕೊಂಡು ಚಿಕ್ಕಪ್ಪನ ಜೊತೆ ಮಾತಾಡಿದ. ಗಿರಾಕಿ ತಂದ ಕೊಡೆಯ ಮುರಿದ ಕಡ್ಡಿಯನ್ನು ರಿಪೇರಿಯವನು ಹಿಡಿದು ನೋಡುವ ಹಾಗೆ. ಕಡ್ಡಿಯನ್ನು ಯಾರು ಮಾತಾಡಿಸುತ್ತಾರೆ?

"ಏನಂತೆ ಚಿಕ್ಕಪ್ಪ?"

"ಈ ವರ್ಷ ಚಳಿ ಜಾಸ್ತಿ ಅಂತಿದ್ದಾರೆ."

"ಇಷ್ಟೊತ್ತೂ ಚಳಿ ವಿಷಯನೇ ಮಾತಾಡಿದ್ರಾ?"

"ದೊಡ್ಡೋರು ಮಾತಾಡುವಾಗ ನಿಂಗ್ಯಾಕೆ?"

"ಸುಟ್ಟಾಗ ನೋವಾಗಲಿಲ್ಲ ಅಂತ ಹೇಳಿ."

"ಹೇಳ್ದೆ, ಹೇಳ್ದೆ."

ಡಾಕ್ಟರು ಗಾಯವನ್ನು ಒತ್ತಿ ಹುಬ್ಬೇರಿಸಿದ. ನೋವಿಲ್ಲ ಎಂದು ನಾನು ತಲೆಯಾಡಿಸಿದೆ. ಚಿಕ್ಕಪ್ಪ ಥಟ್ಟನೆ ಏನೋ ಅಂದು ನಕ್ಕರು. ಡಾಕ್ಟರೂ ನಕ್ಕ. ಹುಬ್ಬು ಕೆಳಗಿಳಿಯಿತು. ನನ್ನ ತಲೆಗಿಂತ ಚಿಕ್ಕಪ್ಪನ ನಾಲಿಗೆಯೇ ಅವನಿಗೆ ಹೆಚ್ಚು ನಂಬಿಕೆಗೆ ಬಂತು. ಒಂದು ಮುಲಾಮು ಬರೆದುಕೊಟ್ಟ. ಹೊರಗೆ ಬಂದ ಮೇಲೆ "ಏನು ಹೇಳಿ ನಗಿಸಿದ್ರಿ?" ಎಂದು ಕೇಳಿದೆ. "ನಮ್ಮ ಹುಡುಗಿ ಗಟ್ಟಿಗಿತ್ತಿ, ಅಳೋದಿಲ್ಲ ಅಂದೆ" ಎಂದರು. ಹೊಗಳಿಕೆ ನನಗೇ ಎಂದುಕೊಂಡು ನಾನೂ ಸುಮ್ಮನಾದೆ, ದಡ್ಡಿ.

ಮುಲಾಮು ಹಚ್ಚುತ್ತಿದ್ದೇನೆ. ಹಲ್ಲುಜ್ಜುವ ಪೇಸ್ಟಿನ ವಾಸನೆ ಬರುತ್ತದೆ.

ನಿಮ್ಮ
ಸಣ್ಣವಳು


ಜೂನ್ ೨

ಅಪ್ಪನಿಗೆ,

ನಡುವೆ ನಿಮ್ಮ ಎರಡು ಕಾಗದ ಬಂದವು. ಹುಡುಗನ ಮನೆಯವರು ಬಂದುಹೋದದ್ದು, ಅವರಿಗೆ ಮನೆ ಒಪ್ಪಿಗೆಯಾದದ್ದು, ಹುಡುಗನ ತಾಯಿಗೆ ನಮ್ಮ ಬಾವಿಯ ನೀರು ರುಚಿಸಿದ್ದು, ಎಲ್ಲ ತಿಳಿಯಿತು. ನನ್ನ ಕೈ ಹೇಗಿದೆ ಎಂದು ಎರಡರಲ್ಲೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ.

ಸುಟ್ಟ ಗಾಯ ಮಾಯಿತು. ಮಚ್ಚೆ ಬೆಳೆದಿದೆ. ಈಗ ಕಿರುಬೆರಳಿಗೆ ಜೋಮು ಹಿಡಿದಿದೆ, ಎಷ್ಟು ಕೊಡವಿದರೂ ಬಿಡುವುದಿಲ್ಲ. ದುಪ್ಪಟಿ ಹಿಡಿಯುವಾಗ ನಾಲ್ಕು ಬೆರಳು ಒಟ್ಟಿಗೆ ಬಂದರೆ ಅದೊಂದು ಮುನಿಸಿಕೊಂಡ ನೆಂಟನ ಹಾಗೆ ಬಾಗಿ ಪಕ್ಕಕ್ಕೆ ನಿಲ್ಲುತ್ತದೆ. ಚಿಕ್ಕಮ್ಮನಿಗೆ ತೋರಿಸಿದೆ. "ಎಣ್ಣೆ ತಿಕ್ಕೇ" ಎಂದಳು. ಚಿಕ್ಕಪ್ಪನಿಗೆ ತೋರಿಸಿದೆ. "ಇನ್ನೊಂದು ಟ್ಯೂಬ್ ತರ್ತೀನಿ" ಎಂದರು. ಕೊನೆಗೆ ಸೋಮವಾರ ಕೆಲಸಕ್ಕೆ ರಜೆ ಹಾಕಿ, ಯಾರಿಗೂ ಹೇಳದೆ ಒಬ್ಬಳೇ ಆ ಬೂಟಿನಂಗಡಿಯ ಮೆಟ್ಟಿಲು ಹತ್ತಿದೆ.

ಅಗಿಯುವ ಹುಡುಗಿ ನನ್ನನ್ನು ನೋಡಿ, ನನ್ನ ಹಿಂದೆ ನೋಡಿದಳು. ಮಾತಾಡುವ ಮನುಷ್ಯ ಎಲ್ಲಿ ಎಂದು ಹುಡುಕುತ್ತಿದ್ದಳು. ಯಾರೂ ಇಲ್ಲವೆಂದು ಕೈಯಾಡಿಸಿದೆ. ಅವಳು ಏನೇನೋ ಹೇಳಿದಳು. ಅರ್ಥವಾಗಲಿಲ್ಲವೆಂದು ತಿಳಿದಾಗ ಅದನ್ನೇ ಗಟ್ಟಿಯಾಗಿ ಹೇಳಿದಳು. ಭಾಷೆ ಬಾರದವರೆಲ್ಲ ಕಿವುಡರೆಂದು ಈ ಊರಿನವರ ನಂಬಿಕೆ. ನಾನೂ ನಮ್ಮ ಭಾಷೆಯಲ್ಲಿ ಅಷ್ಟೇ ಗಟ್ಟಿಯಾಗಿ "ಡಾಕ್ಟರನ್ನ ನೋಡದೆ ಹೋಗಲ್ಲ ಕಣೇ, ಅಗಿ ನೀನು" ಎಂದು ಕುರ್ಚಿ ಎಳೆದುಕೊಂಡು ಕೂತೆ. ಪತ್ರಿಕೆಗಳೆಲ್ಲ ಒಂದು ಕ್ಷಣ ಕೆಳಗಿಳಿದವು.

ಒಳಗೆ ಹೋದಾಗ ಡಾಕ್ಟರು ಖಾಲಿ ಟ್ಯೂಬು ನೋಡಿ, ಮಾಯ್ದ ಗಾಯ ನೋಡಿ, ಸಂತೋಷವಾಗಿ ಇನ್ನೊಂದು ಚೀಟಿ ಬರೆಯಲು ಶುರುಮಾಡಿದ. ನನಗೆ ರೇಗಿತು. ಅಂಗಿಯ ಪಿನ್ನು ಬಿಚ್ಚಿ, ಅವನ ಕಣ್ಣೆದುರಿಗೇ ಮಚ್ಚೆಗೆ ಚುಚ್ಚಿಕೊಂಡೆ. ಆಳವಾಗಿಯೇ ಚುಚ್ಚಿದೆ. "ಆ" ಎಂದವನು ಅವನು. ನಾನು ಅವನ ಮುಖವನ್ನೇ ನೋಡುತ್ತ ಕೂತಿದ್ದೆ. ರಕ್ತ ಒಂದು ಹನಿ ಬಂತು. ಅವನು ಪೆನ್ನು ಕೆಳಗಿಟ್ಟ. ಮೊದಲ ಸಲ ನನ್ನ ಮುಖ ನೋಡಿದ.

ಆಮೇಲೆ ಹತ್ತಿಯನ್ನು ಎಳೆದು ದಾರದಷ್ಟು ಸಣ್ಣ ಮಾಡಿದ. ನನ್ನ ಬಲಗೈಗೆ ತಾಗಿಸಿ, ತಾಗಿದಲ್ಲಿ ನನ್ನ ಬೆರಳನ್ನು ತಾನೇ ಇಡಿಸಿದ. ಹೀಗೆ ಮಾಡು ಎಂದು. ತನ್ನ ಕಣ್ಣು ಮುಚ್ಚಿ ತೋರಿಸಿದ. ನಾನೂ ಮುಚ್ಚಿದೆ. ಬಲಗೈಗೆ ತಾಗಿತು, ಮುಟ್ಟಿದೆ. ಎಡ ಅಂಗೈಗೆ ತಾಗಿತು, ಮುಟ್ಟಿದೆ. ಆಮೇಲೆ ಏನೂ ತಾಗಲಿಲ್ಲ. ಕಾದೆ. ಊಹೆ ಮಾಡಿ ಎಲ್ಲಾದರೂ ಬೆರಳು ಇಡಬಹುದಿತ್ತು. ಮಚ್ಚೆ ಎಲ್ಲಿದೆಯೆಂದು ನನಗೆ ಗೊತ್ತಿಲ್ಲವೇ? ಇಡಲಿಲ್ಲ. ಬೇಜಾರಾಗಿ ಕಣ್ಣು ಬಿಟ್ಟರೆ, ಅವನು ಮಚ್ಚೆಯ ಮೇಲೆ ಹತ್ತಿ ಆಡಿಸುತ್ತಲೇ ಇದ್ದ.

ಮೊಣಕೈಯ ಹಿಂದೆ, ತಾಗಿದರೆ ಕರೆಂಟು ಹೊಡೆದಂತಾಗುವ ಜಾಗದಲ್ಲಿ, ಹಗ್ಗದ ಗಂಟು ಹುಡುಕುವವನಂತೆ ತಡವಿದ. ಬಲಗೈಯದನ್ನೂ ತಡವಿ ಹೋಲಿಸಿದ. ಆಮೇಲೆ ಕಪಾಟಿನಿಂದ ದಪ್ಪ ಪುಸ್ತಕ ಇಳಿಸಿ, ನನ್ನೆದುರಿಗೇ ನಾಚಿಕೆಯಿಲ್ಲದೆ ಹುಡುಕಲು ಕೂತ. ಪರೀಕ್ಷೆಯಲ್ಲಿ ಪುಸ್ತಕ ತೆರೆಯುವ ಡಾಕ್ಟರು! ನಗು ಬಂತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಒಂದು ಚಿತ್ರ ತೋರಿಸಿದ. ನಗು ನಿಂತಿತು. ಆ ಚಿತ್ರಕ್ಕೆ ಭಾಷೆ ಬೇಕಿರಲಿಲ್ಲ.

ಅವನು ನನ್ನ ಹಳೆಯ ಚೀಟಿಯನ್ನು ತೆಗೆದು, ಅದರ ಮೇಲೆ ಬೆರಳಿಟ್ಟು, ಇಸ್ತ್ರಿ ಮಾಡುವಂತೆ ನಟಿಸಿದ. ಕೈ ಸುಟ್ಟಂತೆ ಹಾರಿದ. ಅಯ್ಯಯ್ಯೋ ಎಂದು ಊದಿಕೊಂಡ. ಇಷ್ಟೇ ಅಲ್ಲವೇ ನೀವು ಹೇಳಿದ್ದು ಎಂದು ನನ್ನ ಮುಖ ನೋಡಿದ. ಆ ಮುದುಕ ಊದಿಕೊಂಡದ್ದು ನೋಡಿಯೇ ನನಗೆ ತಿಳಿಯಿತು, ನನ್ನ ಕೈಗೆ ನೋವಾಯಿತೆಂದು ಯಾರೋ ಅವನಿಗೆ ಹೇಳಿದ್ದಾರೆ. ಅಲ್ಲ ಎಂದು ಜೋರಾಗಿ ತಲೆಯಾಡಿಸಿದೆ. ಮಚ್ಚೆ ಮೊದಲು, ಸುಟ್ಟದ್ದು ಆಮೇಲೆ ಎಂದು ಬೆರಳಿನಲ್ಲೇ ತೋರಿಸಿದೆ. ಅವನು ಚರ್ಮದ ಚಿಕ್ಕ ಚೂರು ಕತ್ತರಿಸಿ ಶೀಶೆಯಲ್ಲಿ ಹಾಕಿ ಎಲ್ಲಿಗೋ ಕಳಿಸಿದ್ದಾನೆ.

ಸಂಜೆ ಅಡುಗೆಮನೆಯಲ್ಲಿ ಚಿಕ್ಕಪ್ಪನನ್ನು ಹಿಡಿದೆ.

"ಡಾಕ್ಟರಿಗೆ ಏನು ಹೇಳಿದ್ರಿ?"

"ಸುಟ್ಟಿದೆ ಅಂದೆ. ಸುಟ್ಟಿರಲಿಲ್ವಾ?"

"ನೋವಾಗಲಿಲ್ಲ ಅಂತ?"

"ತುಂಬಾ ನೋವಂತೆ, ಆದ್ರೆ ಹುಡುಗಿ ಗಟ್ಟಿ, ತೋರಿಸ್ಕೊಳ್ಳಲ್ಲ ಅಂದೆ."

"ಮೊದಲಿಂದ ಮಚ್ಚೆ ಇದೆ ಅಂತ?"

"ನೋಡು ತಾಯಿ, ನನ್ನ ಮೇಲೆ ಹಾರಬೇಡ. ನಿಮ್ಮಪ್ಪನೇ ಬರೆದಿದ್ರು. ಸುಟ್ಟ ಗಾಯ ಅಂತ ಹೇಳಿ, ಬೇರೆ ಮಾತು ಬೇಡ ಅಂತ. ಮೇಷ್ಟ್ರ ಮಾತು ಮೀರೋಕಾಗುತ್ತಾ?"

ಚಿಕ್ಕಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಇಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ ಅಪ್ಪ. ಆ ಡಾಕ್ಟರಿಗೆ ನಮ್ಮ ಮನೆತನ ಗೊತ್ತಿಲ್ಲ, ಅಕ್ಕನ ಹುಡುಗ ಗೊತ್ತಿಲ್ಲ, ನಾವು ಭೂಪಟದಲ್ಲಿ ಎಲ್ಲಿದ್ದೇವೆಂದೂ ಗೊತ್ತಿಲ್ಲ. ಅವನ ಮುಂದೆಯೂ ಮರ್ಯಾದೆ ಕಾಪಾಡಿಕೊಂಡಿರಲ್ಲ, ನಿಮ್ಮಂಥವರು ಬೇರೆಲ್ಲೂ ಇರಲಿಕ್ಕಿಲ್ಲ.

ಸಣ್ಣವಳು


ಜೂನ್ ೨೦

ಚಿ. ಸಣ್ಣವಳಿಗೆ,

ನಿನ್ನ ಕಾಗದದ ಧಾಟಿ ತಂದೆಗೆ ಬರೆಯುವ ಧಾಟಿಯಲ್ಲ. ಆದರೂ ಉತ್ತರಿಸುತ್ತೇನೆ.

ಹೌದು, ಹಾಗೆ ಹೇಳಲು ನಾನೇ ಬರೆದೆ. ನಿನ್ನ ಮೊದಲ ಕಾಗದ ಓದಿದ ಕೂಡಲೇ ನನಗೆ ಸಂಶಯ ಬಂದಿತ್ತು. ಹಿತ್ತಲ ಕಡೆಯ ಕೋಣೆಯಲ್ಲಿ ಈಗ ಶಾಲೆಯ ಮುರಿದ ಬೆಂಚುಗಳಿವೆಯಲ್ಲ, ಅಲ್ಲಿ ನನ್ನ ದೊಡ್ಡಪ್ಪ ಇದ್ದರು. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆಂದು ಮನೆಯವರು ಜನಕ್ಕೆ ಹೇಳಿದ್ದರು. ಅವರ ತಟ್ಟೆ ಕೊಂಡೊಯ್ಯುತ್ತಿದ್ದವನು ನಾನು. ಬಾಗಿಲ ಸಂದಿಯಲ್ಲಿಟ್ಟು ಕೋಲಿನಿಂದ ಒಳಗೆ ತಳ್ಳಬೇಕು. ಅವರು ಒಳಗಿನಿಂದ "ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ರು?" ಎಂದು ಕೇಳುತ್ತಿದ್ದರು. ಹೇಗೋ ಸುದ್ದಿ ಹೊರಬಿತ್ತು. ನನ್ನ ಇಬ್ಬರು ಅತ್ತೆಯರಿಗೂ ಮದುವೆಯಾಗಲಿಲ್ಲ. ಇಬ್ಬರೂ ಇದೇ ಮನೆಯಲ್ಲಿ ಮುದುಕಿಯರಾಗಿ ಸತ್ತರು. ನೀನು ಪುಸ್ತಕದ ಚಿತ್ರ ನೋಡಿ ಮಾತಾಡುತ್ತಿದ್ದೀಯ. ನಾನು ಕಂಡದ್ದನ್ನು ಹೇಳುತ್ತಿದ್ದೇನೆ.

ಮದುವೆ ಮುಗಿಯುವವರೆಗೆ ಅಲ್ಲಿಯೇ ಇರು. ಚಿಕಿತ್ಸೆ ಏನಿದ್ದರೂ ಅಲ್ಲಿಯೇ ಆಗಲಿ. ಏನೇ ತಿಳಿದುಬಂದರೂ ಆ ಹೆಸರನ್ನು ಮಾತ್ರ ಕಾಗದದಲ್ಲಿ ಬರೆಯಬೇಡ.

ಇತಿ,
ನಿನ್ನ ತಂದೆ


ಜುಲೈ ೮

ಅಪ್ಪನಿಗೆ,

ಕುಷ್ಠ.

ಬರೆದೆ. ಕಾಗದ ಹರಿಯಲಿಲ್ಲ, ಶಾಯಿಯೂ ಚೆಲ್ಲಲಿಲ್ಲ.

ಶೀಶೆ ಹೋದಲ್ಲಿಂದ ಉತ್ತರ ಬಂತು. ಡಾಕ್ಟರು ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಒಂದೊಂದೇ ಹಾಳೆ ಮಗುಚುತ್ತ ಒಂದೊಂದು ಹಾಳೆಗೂ ಮಾತ್ರೆಯ ಪಟ್ಟಿ ತೋರಿಸಿದ. ಪೂರಾ ಕ್ಯಾಲೆಂಡರ್ ಮುಗಿಯಿತು. ವರ್ಷವಿಡೀ ಮಾತ್ರೆ ನುಂಗಬೇಕು, ಆಮೇಲೆ ವಾಸಿ. ಇಷ್ಟೇ. ಇನ್ನೊಬ್ಬರಿಗೆ ಅಂಟುತ್ತದೆಯೇ ಎಂದು ಕೇಳಲು ನನಗೆ ಬರಲಿಲ್ಲ, ನನ್ನನ್ನೂ ಅವನನ್ನೂ ಬೊಟ್ಟುಮಾಡಿ ಮುಖ ಸಿಂಡರಿಸಿದೆ. ಅವನು ಮೊದಲ ಮಾತ್ರೆಯನ್ನು ನನ್ನ ಕೈಗಿಟ್ಟು, ನುಂಗಿದಂತೆ ನಟಿ‌ಸಿ, ಇನ್ನು ಅಂಟುವುದಿಲ್ಲ ಎಂದು ಕೈಯಾಡಿಸಿದ. ಆಮೇಲೆ ಬಾಗಿದ ಬೆರಳನ್ನು ನೇರ ಮಾಡಿ ಬಿಟ್ಟ. ಅದು ಮತ್ತೆ ಬಾಗಿತು. ಅದರ ಬಗ್ಗೆ ಕ್ಯಾಲೆಂಡರು ಮಗುಚಲಿಲ್ಲ. ಮೊದಲನೇ ಸಲ ತೋರಿಸಿದಾಗ ಬೆರಳು ನೆಟ್ಟಗಿತ್ತೇ ಎಂದು ಕೈಸನ್ನೆಯಲ್ಲೇ ಕೇಳಿದ. ನೆಟ್ಟಗಿತ್ತು ಎಂದೆ. ಅವನು ಕಿಟಕಿಯ ಕಡೆ ನೋಡಿದ. ಅವನನ್ನು ದೇವರಂಥ ಮನುಷ್ಯ ಎಂದುಕೊಳ್ಳಬೇಡಿ. ಮೊದಲ ಸಲ ನನ್ನನ್ನು ಕೊಡೆಯ ಕಡ್ಡಿಯ ಹಾಗೆ ಹಿಡಿದವನೂ ಅವನೇ. ಆ ಬೆರಳಿನಲ್ಲಿ ಅವನ ಪಾಲೂ ಇದೆ. ಆದರೆ ಅವನದು ಸೋಮಾರಿತನ. ನಿಮ್ಮದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ನಿಮ್ಮ ಶಾಲೆಯ ಹೊರಗೋಡೆಯಲ್ಲಿ ಏನು ಬರೆದಿದೆ ಹೇಳಿ? "ಸ್ಪರ್ಶಜ್ಞಾನವಿಲ್ಲದ ಮಚ್ಚೆಯೇ? ಮುಚ್ಚಿಡಬೇಡಿ, ಕೂಡಲೇ ಪರೀಕ್ಷಿಸಿಕೊಳ್ಳಿ." ಅಂಗೈಯಗಲದ ಅಕ್ಷರ, ನೀಲಿ ಬಣ್ಣ. ಬರೆಸಿದವರು ನೀವು. ಪ್ರತಿ ವರ್ಷ ಹೊಸ ಮಕ್ಕಳಿಂದ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದವರೂ ನೀವೇ. ನಾನೂ ಓದಿದ್ದೇನೆ, ಉದ್ದ ತೋಳಿನ ಅಂಗಿ ಹಾಕಿಕೊಂಡು. ನನಗಾದರೆ ಅರ್ಥವಾಗದೆ ಓದಿದೆ ಎನ್ನಬಹುದು. ನಿಮಗೆ?

ನಮ್ಮ ತರಗತಿಯ ಪರೀಕ್ಷೆಯ ದಿನವೂ ಹೀಗೆಯೇ ಮಾಡಿದಿರಿ. ಶಾಲೆಯ ಫಲಿತಾಂಶ ಚೆನ್ನಾಗಿರಲೆಂದು ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆಸಿದಿರಿ. ಎಲ್ಲರೂ ನೋಡಿ ಬರೆದರು. ನಾನು ಖಾಲಿ ಹಾಳೆ ಕೊಟ್ಟು ಎದ್ದು ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ. ಹೆಡ್‌ಮೇಷ್ಟರ ಮಗಳೇ ಶಾಲೆ ಬಿಟ್ಟಳೆಂದು ನೀವು ತಲೆ ತಗ್ಗಿಸಿಕೊಂಡು ಓಡಾಡಿದಿರಿ. ಬೋರ್ಡಿನ ಮೇಲೆ ಬರೆಸುವಾಗ ತಲೆ ನೆಟ್ಟಗೇ ಇತ್ತು.

ನಿಮ್ಮ ದೊಡ್ಡಪ್ಪನ ವಿಷಯ ಓದಿದೆ. ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಿಮಗಾಗಿ ಬರಲಿಲ್ಲ. ಶಾಲೆಯಲ್ಲಿ ಏನು ಹೇಳಿಕೊಟ್ರು ಎಂದು ಒಳಗಿನಿಂದ ಕೇಳುತ್ತಿದ್ದರಲ್ಲ, ಅವರಿಗಾಗಿ. ಅವರನ್ನು ಹಿತ್ತಲ ಕೋಣೆಯಲ್ಲಿಟ್ಟರು. ನನ್ನನ್ನು ಸಮುದ್ರದಾಚೆ ಇರು ಎನ್ನುತ್ತೀರಿ. ತಟ್ಟೆ ತಳ್ಳುವ ಕೋಲು ಸ್ವಲ್ಪ ಉದ್ದವಾಯಿತು, ಅಷ್ಟೇ.

ಇಲ್ಲಿ ಲಾಂಡ್ರಿಯಲ್ಲೂ ಹೇಳಿದೆ. ಚಿಕ್ಕಪ್ಪ "ಬೇಡ ಬೇಡ" ಎಂದು ಟೈ ಇಲ್ಲದೆಯೇ ಹಿಂದೆ ಓಡಿಬಂದರು. ಇವಳಿಂದ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮೇಲ್ವಿಚಾರಕ ಎರಡು ಬೆರಳ ತುದಿಯಲ್ಲಿ ಹಿಡಿದು ಓದಿದ. ಕೆಲಸದಿಂದ ತೆಗೆಯಲಿಲ್ಲ, ಬಹಳ ಒಳ್ಳೆಯವನು. ಹಿಂದಿನ ಉಗ್ರಾಣದಲ್ಲಿ ಒಬ್ಬಳೇ ಕೂತು ಹರಿದ ದುಪ್ಪಟಿಗಳನ್ನು ಬೇರೆ ಮಾಡುವ ಕೆಲಸ ಕೊಟ್ಟ. ಬೇರೆ ಲೋಟವನ್ನೂ ಕೊಟ್ಟ. "ನೋಡು, ಎಷ್ಟು ಅಡ್ಜಸ್ಟ್ ಮಾಡಿದ್ದಾರೆ" ಎಂದು ಚಿಕ್ಕಪ್ಪ ಕೃತಜ್ಞತೆಯಿಂದ ಕರಗಿಹೋದರು. ಹಿತ್ತಲ ಕೋಣೆಗಳು ಎಲ್ಲ ದೇಶಗಳಲ್ಲೂ ಇರುತ್ತವೆ, ಅಪ್ಪ. ಅದರ ಬಾಗಿಲು ಯಾರು ಮುಚ್ಚುತ್ತಾರೆ ಎಂಬುದಷ್ಟೇ ಬೇರೆ ಬೇರೆ.

ಈ ಕಾಗದವನ್ನೂ ಜೂನಿನಲ್ಲಿ ನಿಮಗೆ ಬರೆದದ್ದನ್ನೂ ಇನ್ನೊಂದು ಸಲ ಬರೆದು ಅಕ್ಕನ ಹೆಸರಿಗೆ, ಅವಳ ಹೊಲಿಗೆ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಅವಳ ಮದುವೆಗಾಗಿ ನನ್ನ ಬೆರಳು ಹೋಯಿತೆಂಬುದು ಅವಳಿಗಾದರೂ ತಿಳಿದಿರಲಿ. ಬಚ್ಚಿಟ್ಟು ಮಾಡಿದೆನೆಂದು ನೀವು ಹೇಳಬಾರದು, ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಸಣ್ಣವಳು


ಜುಲೈ ೨೭

ಲೇ ಸಣ್ಣವಳೇ,

ಎರಡೂ ಕಾಗದ ಸಿಕ್ಕಿದವು. ಅಂಗಡಿಯಲ್ಲಿ ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದೆ. ಓದಿ ಮುಗಿಸಿದ ಮೇಲೆ ನೋಡಿದರೆ ಎಡತೋಳನ್ನು ಬಲಕ್ಕೆ ಕೂರಿಸಿದ್ದೆ.

ನಿನ್ನ ಕಾಗದಗಳನ್ನು ಅಪ್ಪ ಓದುವಾಗ ಅಲ್ಲಲ್ಲಿ ಕೆಮ್ಮುತ್ತಿದ್ದರು. ಕೆಮ್ಮಿದ ಕಡೆಯೆಲ್ಲ ಏನೋ ಇದೆಯೆಂದು ನನಗೂ ಅಮ್ಮನಿಗೂ ಗೊತ್ತಿತ್ತು. ಅಮ್ಮ ಒಂದು ದಿನ "ಇವಳ ಕಾಗದಕ್ಕೆ ಮಾತ್ರ ಇವರಿಗೆ ಯಾಕೆ ಇಷ್ಟು ಕೆಮ್ಮು?" ಎಂದಳು. ಈಗ ಪೂರ್ತಿ ಓದಿ ಹೇಳಿದೆ, ಒಂದು ಅಕ್ಷರ ಬಿಡಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ಅಪ್ಪನ ಊಟದ ತಟ್ಟೆಯನ್ನು ಅವರ ಮುಂದೆ ನೆಲದ ಮೇಲಿಟ್ಟು, ಪೊರಕೆಯ ಹಿಡಿಯಿಂದ ತಳ್ಳಿದಳು. ಅಪ್ಪ ಊಟ ಮಾಡದೆ ಎದ್ದರು.

ನಾನು ಹುಡುಗನಿಗೆ ಫೋನ್ ಮಾಡಿ ಹೇಳಿದೆ. "ನನ್ನ ತಂಗಿಗೆ ಹೀಗಿದೆ, ಮಾತ್ರೆ ತಗೋತಿದ್ದಾಳೆ, ವಾಸಿಯಾಗುತ್ತೆ, ನಿಮಗೆ ಹೇಗೆ?" ಎಂದೆ. "ಮನೇಲಿ ಕೇಳಿ ಹೇಳ್ತೀನಿ" ಎಂದ. ಇನ್ನೂ ಕೇಳುತ್ತಲೇ ಇದ್ದಾನೆ. ಅವರ ಮನೆ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಬೇಜಾರಾಗಿಲ್ಲ ಎಂದರೆ ಸುಳ್ಳಾಗುತ್ತದೆ, ನಿನ್ನ ಹತ್ತಿರ ಸುಳ್ಳು ಯಾಕೆ? ಅವನು ನನಗೆ ಇಷ್ಟವಾಗಿದ್ದ ಕಣೇ. ಎರಡು ದಿನ ನಿನ್ನ ಮೇಲೆಯೂ ಸಿಟ್ಟು ಬಂದಿತ್ತು. ಆಮೇಲೆ ಆ ಪಿನ್ನಿನ ವಿಷಯ ನೆನಪಾಗುತ್ತಿತ್ತು.

ನೀನು ಬರುವುದಾದರೆ ಬಾ. ಅಪ್ಪ ಈಗ ಬರಬೇಡ ಎನ್ನುತ್ತಿಲ್ಲ. ಬೆಂಚುಗಳನ್ನು ಹೊರಗೆ ಹಾಕಿಸಿ ಹಿತ್ತಲ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ, ಕಿಟಕಿಗೆ ಪರದೆ ಹೊಲಿದುಕೊಡು ಎಂದು ನನಗೇ ಹೇಳಿದರು. ಬೆಳಕು ಹರಿಯುವ ಮೊದಲು ಬರುವ ಬಸ್ಸು ಹಿಡಿಯಲು ಹೇಳು, ತಾನೇ ನಿಲ್ದಾಣಕ್ಕೆ ಬಂದು ಕರೆದುತರುತ್ತೇನೆ ಎಂದಿದ್ದಾರೆ. ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ತಡೆಯಲಾಗಲಿಲ್ಲ.

ಪರದೆ ಹೊಲಿದಿಲ್ಲ.

ನಿನ್ನ
ಅಕ್ಕ


ಆಗಸ್ಟ್ ೧೨

ಅಕ್ಕ,

ಇದನ್ನು ಅಮ್ಮನಿಗೆ ನೀನೇ ಓದು. ಅಪ್ಪನೂ ಕೇಳಲಿ.

ಉಗ್ರಾಣದ ಕೆಲಸ ಬಿಟ್ಟೆ. ಕಾರಣ ಕೇಳಿದರು. ನನ್ನ ಲೋಟವನ್ನು ಮೇಲ್ವಿಚಾರಕನ ಮೇಜಿನ ಮೇಲೆ, ಅವನ ಲೋಟದ ಪಕ್ಕದಲ್ಲಿಟ್ಟೆ. ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಕಾರಣ ಅದೇ ಎಂದು ನಮ್ಮ ಭಾಷೆಯಲ್ಲೇ ಹೇಳಿದೆ. ಚಿಕ್ಕಪ್ಪ ಅದನ್ನೂ ಅನುವಾದ ಮಾಡಲು ಮುಂದೆ ಬಂದರು. ಸುಮ್ಮನಿರಿ ಎಂದೆ. ಸುಮ್ಮನಾದರು. ಈಚೆಗೆ ನನ್ನನ್ನು ಕಂಡರೆ ವ್ಯಾನು ಒರೆಸುವ ಕೆಲಸ ನೆನಪಾಗುತ್ತದೆ ಅವರಿಗೆ. ಚಿಕ್ಕಮ್ಮ ನನ್ನ ಪೆಟ್ಟಿಗೆ ತುಂಬಲು ಕೂತು ಉದ್ದ ತೋಳಿನ ಅಂಗಿಗಳನ್ನೆಲ್ಲ ಮೇಲಿಟ್ಟಳು. ನಾನು ತಳಕ್ಕೆ ಹಾಕಿದೆ. ಅವಳು ಮತ್ತೆ ಮೇಲಿಟ್ಟಳು. ಇಬ್ಬರೂ ಹೊತ್ತು ಮುಳುಗುವವರೆಗೆ ಇದನ್ನೇ ಮಾಡಿದೆವು. ಕೊನೆಗೆ ಅವಳು "ನಿನ್ನಷ್ಟು ಧೈರ್ಯ ನಂಗಿದ್ದಿದ್ರೆ" ಎಂದಳು. ಅವಳಿಗೂ ಎಲ್ಲಿ ಏನಿದೆಯೋ.

ಡಾಕ್ಟರ ಹತ್ತಿರ ಹೋಗಿ ಬಂದೆ. ದಾರಿಗೆ ಬೇಕಾಗುವಷ್ಟು ಮಾತ್ರೆ ಕೊಟ್ಟ. ಇಲ್ಲಿಯ ಬಂದರಿನ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು, ಅಲ್ಲಿ ಕೆಲವು ವಾರವಿದ್ದು, ಆಮೇಲೆ ಊರಿಗೆ ಹೊರಡಬೇಕು. ಅಷ್ಟರಲ್ಲಿ ಈ ಕಾಗದ ನಿಮ್ಮ ಕೈ ಸೇರಿರುತ್ತದೆ. ಉಳಿದ ಮಾತ್ರೆಗಳನ್ನು ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತೇನೆ. ಬೆರಳು ಪೂರ್ತಿ ನೆಟ್ಟಗಾಗುತ್ತದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ನೀವೂ ಕೊಡಬೇಡಿ.

ನಿನ್ನ ಹುಡುಗನ ವಿಷಯ. ನನ್ನಿಂದ ಆಯಿತು ಎಂದು ಮುಂದೆ ಎಂದಾದರೂ ನಿನಗೆ ಅನ್ನಿಸಿದರೆ ನನ್ನೆದುರಿಗೇ ಹೇಳು. ಅಲ್ಲ ಎಂದು ವಾದಿಸುವುದಿಲ್ಲ. ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಅದು ನಿನಗೆ ಗೊತ್ತು. ಅವನು ಇನ್ನೂ ಕೇಳುತ್ತಿದ್ದರೆ ಕೇಳಲಿ. ಜಮೀನು ಅಳೆಯುವವನಿಗೆ ಎಲ್ಲ ಮೂಲೆಗಳೂ ಬೇಕು.

ಅಮ್ಮ, ನಾನು ನಡುಮನೆಯಲ್ಲಿ, ನಿನ್ನ ಮತ್ತು ಅಕ್ಕನ ಮಧ್ಯೆ ಮಲಗುತ್ತೇನೆ. ಮೊದಲು ಮಲಗುತ್ತಿದ್ದ ಕಡೆಯೇ. ನೀನು ಹೆದರಿದರೆ ಹೆದರಿದೆ ಅನ್ನು, ಹೆದರಿಲ್ಲ ಎಂದು ನಟಿಸಬೇಡ. ಮಾತ್ರೆ ಶುರುವಾದ ಮೇಲೆ ಹೆದರಲು ಕಾರಣವಿಲ್ಲ. ಅದನ್ನು ನಿನಗೆ ಬೇಕಾದಷ್ಟು ಸಲ ಹೇಳುತ್ತೇನೆ, ಬೇಸರವಿಲ್ಲ.

ಅಪ್ಪನಿಗೆ. ಕೋಣೆಗೆ ಸುಣ್ಣ ಹೊಡೆಸಿದ್ದು ತಿಳಿಯಿತು. ಒಳ್ಳೆಯದು. ಬೆಂಚುಗಳನ್ನು ಮತ್ತೆ ಒಳಗೆ ಹಾಕಿಸಿ, ಮಳೆಗೆ ಹಾಳಾಗುತ್ತವೆ. ಬೆಳಕು ಹರಿಯುವ ಮೊದಲಿನ ಬಸ್ಸಿಗೆ ಬರುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಬರುವ ಬಸ್ಸಿಗೆ ಬರುತ್ತೇನೆ. ನೀವು ನಿಲ್ದಾಣಕ್ಕೆ ಬರಬೇಕೆಂಬ ಆಸೆ ನನಗಿಲ್ಲ. ಆದರೆ ಬರುವುದಾದರೆ ಆ ಹೊತ್ತಿಗೇ ಬನ್ನಿ, ಪೆಟ್ಟಿಗೆ ಹಿಡಿಯಲು ನನ್ನ ಎಡಗೈಗೆ ಆಗುವುದಿಲ್ಲ. ಬರದಿದ್ದರೆ ಬಲಗೈಯಲ್ಲಿ ಹಿಡಿದುಕೊಂಡು ಪೇಟೆಬೀದಿಯಲ್ಲೇ ನಡೆದು ಬರುತ್ತೇನೆ. ಎದುರಿಗೆ ಸಿಕ್ಕವರು ಎಲ್ಲಿಗೆ ಹೋಗಿದ್ದೆ, ಯಾಕೆ ಬಂದೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತೇನೆ.

ನಾಳೆ ಹೊರಡುತ್ತೇನೆ.

ಸಣ್ಣವಳು